ಮರಳು ಕುಡಿದ ತಂಪು

"ಮೂರು ವರ್ಷ ಹಳೇ ಸೊಪ್ಪು! ಇಡೀ ತೈವಾನ್ ಜಾಲಾಡಿದ್ರೂ ಸಿಗಲ್ಲ," ಎನ್ನುತ್ತ ಯುನ್‌ಕ್ವಾಂಗ್ ಪಾತ್ರೆಗೆ ಐಸು ಸುರಿದ. ಬೆಳಿಗ್ಗೆ ಹೊಳೆದಂಡೆಗೆ ಬಂದಿಳಿದವನು ಗುಡಾರ ಎಬ್ಬಿಸುವುದನ್ನೂ ಬಿಟ್ಟು ಎರಡು ಗಂಟೆ ಒಲೆಯ ಮುಂದೆ ಕೂತಿದ್ದ. ಹಳೆಯದಾದಷ್ಟೂ ರುಚಿಯೇರುವ ಒಣ ಸ್ಯೆನ್‌ಸಾವ್ ಸೊಪ್ಪನ್ನು ಕುದಿಸಿ, ಸೋಸಿ, ಕರಿಬೆಲ್ಲ ಹಾಕಿ, ದಂಡೆಯಲ್ಲೇ ಬೆಳೆದ ಪುದೀನ ಕಿವುಚಿ ಬೆರೆಸಿದ್ದ. ನಮ್ಮ ಕಡೆ ಬೇಸಿಗೆಯಲ್ಲಿ ಈ ಕಪ್ಪು ತಂಪು ಇಲ್ಲದಿದ್ದರೆ ಬಯಲಿಗೆ ಬಂದು ಬಿಡಾರ ಹೂಡಿದ್ದಕ್ಕೆ ಅರ್ಥವೇ ಇಲ್ಲ.

"ತಗೋ ಯೀಜೆನ್, ಮೊದಲ ಲೋಟ ಸೊಸೆಗೆ. ಒಂದೇ ಉಸಿರಿಗೆ ಕುಡಿದುಬಿಡ್ಬೇಕು!"

ಯೀಜೆನ್ ಲೋಟ ಹಿಡಿದು ಕುಡಿಯದೆ ಕೂತಳು. ಅವಳು ಬಸುರಿಯಾಗಿ ಹತ್ತು ವಾರವಾಗಿತ್ತು. ಗಂಡನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ, ಅವನೋ ಪಾಳಿ ಮುಗಿಸಿ ಸಂಜೆಗೆ ಬರುವವನು. ಮೂರು ತಿಂಗಳು ತುಂಬುವ ಮೊದಲು ಬಾಯಿ ಬಿಟ್ಟರೆ ಬಸಿರು ನಿಲ್ಲದು ಅನ್ನುವುದು ಹಿರಿಯರ ಮಾತು. ಹೋದ ವರ್ಷ ಎಂಟನೇ ವಾರದಲ್ಲೇ ಹೇಳಿಬಿಟ್ಟಿದ್ದಳು. ಮಾವ ಖುಷಿ ತಡೆಯಲಾರದೆ ಒಂದೇ ಬೆಳಗಿನಲ್ಲಿ ಇಡೀ ಸಂತೆಗೆ ಡಂಗುರ ಸಾರಿದ್ದ. ಹತ್ತೇ ದಿನಕ್ಕೆ ಬಸಿರು ಇಳಿದುಹೋಯಿತು. ಆಮೇಲೆ ಮೀನಿನಂಗಡಿಯವಳಿಂದ ಹಿಡಿದು ಅಂಚೆಯವನವರೆಗೆ ಒಬ್ಬೊಬ್ಬರು "ಅಯ್ಯೋ ಪಾಪ" ಎಂದಾಗಲೂ ಅವಳು ಮಗುವನ್ನು ಮತ್ತೊಮ್ಮೆ ಕಳೆದುಕೊಂಡಿದ್ದಳು. ಮಾವ ಕೆಟ್ಟವನೇನಲ್ಲ, ಬಾಯಿಗೆ ಬೀಗವಿಲ್ಲ ಅಷ್ಟೆ. ಈ ಸಲ ಇನ್ನೆರಡು ವಾರ ಹೇಗಾದರೂ ಗುಟ್ಟು ಉಳಿಯಬೇಕಿತ್ತು. ಈ ಸೊಪ್ಪು ನೋಡಿದರೆ ಬಸುರಿಯರು ಮುಟ್ಟಲೇಬಾರದ ಕಡುತಂಪು. ಸಾಲದ್ದಕ್ಕೆ ಐಸು ಬೇರೆ.

"ಆಮೇಲೆ ಕುಡೀತೀನಪ್ಪಾ."

"ಆಮೇಲೆ ಅಂದ್ರೆ ಐಸು ಕರಗಿ ಬರೀ ನೀರಾಗುತ್ತೆ. ಕುಡಿ ಕುಡಿ! ಮುಂಚೆಲ್ಲ ಕೇಳಿ ಕೇಳಿ ಮೂರು ಲೋಟ ಇಳಿಸ್ತಿದ್ದೆ."

"ಯಾಕೋ ಹೊಟ್ಟೆ..."

"ಹೊಟ್ಟೆಗೇನಾಯ್ತು?" ಮಾವನ ಹುಬ್ಬು ಮೇಲೇರಿತು. "ವಾಕರಿಕೆನಾ?"

ಯೀಜೆನ್ ಬೇರೆ ದಾರಿ ಕಾಣದೆ ಲೋಟವನ್ನು ತುಟಿಯ ಹತ್ತಿರ ತಂದಳು.

ಅಷ್ಟರಲ್ಲಿ ತಟ್ಟೆ ತರಲೆಂದು ಎದ್ದ ಅತ್ತೆ ಜಿನ್‌ಮೆಯ್ ಎಡವಿ, ಬೀಸಿದ ಕೈಯಿಂದ ಸೊಸೆಯ ಲೋಟವನ್ನು ಹಾರಿಸಿ, ಮಡಚುಮೇಜಿನ ಸಮೇತ ಕೆಳಗೆ ಬಿದ್ದಳು. ಪಾತ್ರೆ ಮಗುಚಿತು. ಮೂರು ವರ್ಷ ಜೋಪಾನ ಮಾಡಿದ ಸೊಪ್ಪಿನ ರಸವನ್ನು ಮರಳು ಗಟಗಟನೆ ಕುಡಿದುಬಿಟ್ಟಿತು.

"ಕಣ್ಣು ಎಲ್ಲಿಟ್ಟಿದ್ಯೇ! ಬೆವರು ಸುರಿಸಿ ಮಾಡಿದ್ದು, ಒಂದು ಗುಟುಕೂ ಉಳಿಸ್ಲಿಲ್ವಲ್ಲೇ ಮಾರಾಯ್ತಿ!"

"ಬಿದ್ದವಳ ಸೊಂಟ ಕೇಳೋದು ಬಿಟ್ಟು ಸೊಪ್ಪಿನ ನೀರಿಗೆ ಅಳ್ತೀರಲ್ರೀ, ಭೇಷ್!"

ಯೀಜೆನ್ ಅತ್ತೆಯನ್ನೇ ನೋಡಿದಳು. ನಲವತ್ತು ವರ್ಷ ಚಹಾಗುಡ್ಡದ ಇಳಿಜಾರಿನಲ್ಲಿ ಬುಟ್ಟಿ ಕಟ್ಟಿಕೊಂಡು ಓಡಾಡಿಯೂ ಒಮ್ಮೆಯೂ ಜಾರದ ಹೆಂಗಸು ಮಟ್ಟಸ ನೆಲದಲ್ಲಿ ಎಡವಿದ್ದಾಳೆ! ಅತ್ತೆ ಏನೂ ಆಗದವಳಂತೆ ಮೊಣಕಾಲಿನ ಮರಳು ಕೊಡವಿಕೊಂಡು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಅವಳ ಕೈಗಿಟ್ಟಳು. "ಕುಡಿ. ಗಾಬರಿಯಾಗಿದ್ದೀಯ," ಎಂದಳು. ಏನೂ ವಿಚಾರಿಸಲಿಲ್ಲ, ಕಣ್ಣು ಕೂಡ ಮಿಟುಕಿಸಲಿಲ್ಲ. ಯೀಜೆನ್ ಒಂದು ಗುಟುಕು ಕುಡಿದಳು. ಹೆತ್ತ ತಾಯಿ ಬದುಕಿದ್ದರೂ ಇಷ್ಟು ಬೇಗ ಅರಿಯುತ್ತಿದ್ದಳೋ ಇಲ್ಲವೋ! ಬರೀ ಬಿಸಿನೀರು ಇಷ್ಟು ರುಚಿಯಾಗಿರುತ್ತದೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಮಾವ ಗೊಣಗುತ್ತಲೇ ಗುಡಾರದ ಕಡೆ ಹೋದ. ಬಟ್ಟೆ ಬಿಡಿಸಿ ಹಗ್ಗ ಎಳೆದು, ಮೊದಲ ಗೂಟ ನೆಲಕ್ಕಿಟ್ಟು ಸುತ್ತಿಗೆ ಎತ್ತಿದ.

"ಬಡೀಬೇಡಿ!" ಅತ್ತೆ ಕಿರುಚಿದಳು.

ಕಿರುಚಿದ ಮೇಲೆ ಬಾಯಿ ಮುಚ್ಚಿಕೊಂಡಳು. ಆದರೆ ಕೆಲಸ ಕೆಟ್ಟುಹೋಗಿತ್ತು. ಬಸುರಿ ಮಲಗುವ ಜಾಗದಲ್ಲಿ ಮೊಳೆ, ಗೂಟ ಬಡಿಯಬಾರದು, ಬಡಿದರೆ ಹೊಟ್ಟೆಯೊಳಗಿನ ಕೂಸನ್ನು ಕಾಯುವ ದೇವರಿಗೆ ಪೆಟ್ಟು ತಾಗುತ್ತದೆ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಯುನ್‌ಕ್ವಾಂಗ್ ಎತ್ತಿದ ಸುತ್ತಿಗೆಯನ್ನು ಇಳಿಸದೆ ಹೆಂಡತಿಯನ್ನು ನೋಡಿದ. ಮರಳಿನಲ್ಲಿ ಇಂಗಿದ್ದ ಕಪ್ಪು ಕಲೆಯನ್ನು ನೋಡಿದ. ಆಮೇಲೆ ಸೊಸೆಯ ಕಡೆ ತಿರುಗಿದ. ಮುಖ ಅರಳಿತು, ಬಾಯಿಯೂ ತೆರೆಯಿತು. ಯೀಜೆನ್ ಕಣ್ಣಲ್ಲೇ ಬೇಡಿಕೊಂಡಳು. ಮುದುಕ ತೆರೆದ ಬಾಯಿಯನ್ನು ಹಾಗೇ ಮುಚ್ಚಿ, ಗೂಟವನ್ನು ಡಬ್ಬಿಗೆ ಹಾಕಿ, ಸುತ್ತಿಗೆ ಕೆಳಗಿಟ್ಟು ಹೊಳೆಗಿಳಿದ. ತೊಡೆಮಟ್ಟ ನೀರಿನಲ್ಲಿ ನಿಂತು ದಪ್ಪದಪ್ಪ ಕಲ್ಲು ಆರಿಸಿ, ಏದುಸಿರು ಬಿಡುತ್ತ ಒಂದೊಂದಾಗಿ ಹೊತ್ತು ತಂದು ಗುಡಾರದ ಹಗ್ಗಗಳಿಗೆಲ್ಲ ಕಟ್ಟಿದ.

ಪಕ್ಕದ ಗುಡಾರದವನು ಕಲ್ಲು ಹೊರುವುದನ್ನು ಕಂಡಿದ್ದ. ಹತ್ತಿರ ಬಂದು ಹಲ್ಲು ಕಿರಿದ. "ಏನ್ ಯಜಮಾನ್ರೇ, ಗೂಟ ಬಡೀತಿಲ್ಲ, ಕಲ್ಲು ಕಟ್ತಿದ್ದೀರಿ! ಮನೇಲಿ ಏನಾದ್ರೂ ವಿಶೇಷನಾ?"

ಹೆಂಗಸರಿಬ್ಬರೂ ಉಸಿರು ಬಿಗಿಹಿಡಿದರು. ಮೂವತ್ತು ವರ್ಷದ ಬಿಡಾರದಲ್ಲಿ ಒಂದು ಸೂಜಿಯನ್ನೂ ಮರೆತು ಬಂದವನಲ್ಲ ಎಂದು ಹೋದಲ್ಲಿ ಬಂದಲ್ಲಿ ಜಂಬ ಕೊಚ್ಚಿಕೊಳ್ಳುವ ಮನುಷ್ಯ ಯುನ್‌ಕ್ವಾಂಗ್.

"ವಿಶೇಷಾನೂ ಇಲ್ಲ, ಏನೂ ಇಲ್ಲ ಮಾರಾಯಾ. ಗೂಟ ಮನೇಲೇ ಮರೆತು ಬಂದೆ. ಅರುಳುಮರುಳು ನೋಡು," ಎಂದವನು, ಕಾಲ ಬಳಿಯಿದ್ದ ಗೂಟದ ಡಬ್ಬಿಯನ್ನು ಹಿಮ್ಮಡಿಯಿಂದ ಮೆಲ್ಲಗೆ ಚಾಪೆಯಡಿಗೆ ತಳ್ಳಿದ.