ಜೋಡಿ ಗುಂಡು

ಕೋವಿ ತಾನು ಕೆಡುವುದಲ್ಲದೆ ಮನೆಯನ್ನೂ ಕೆಡಿಸಿತಂತೆ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

ಅಪ್ಪ ಬಿಟ್ಟುಹೋದ ಅಗ್ಗದ ಕೋವಿಯೊಂದಕ್ಕಾಗಿ ನಮ್ಮೂರಿನ ಅಣ್ಣ ತಮ್ಮ ಇಬ್ಬರು ಮಾತುಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಕಾಯಿಲೆ ಬಿದ್ದ ಅಣ್ಣ ಅದರ ಮರದ ಹಿಡಿಯನ್ನು ಉಪ್ಪುಕಾಗದದಿಂದ ಉಜ್ಜಿ, ಎಣ್ಣೆ ಕುಡಿಸಿ, ಪಕ್ಕದ ಮನೆಯ ನನ್ನ ಕೈಗಿಟ್ಟ.

“ಅಂಗಳದಲ್ಲಿ ಎರಡು ಗುಂಡು ಹಾರಿಸು.”

“ಮಾವಾ, ನಮ್ಮಲ್ಲಿ ಜೋಡಿ ಗುಂಡು ಹಾರಿಸೋದು ಸಾವಿಗಲ್ವಾ? ಕೇಳಿದ್ರೆ ನೀವು ಸತ್ರಿ ಅಂತ ಊರೆಲ್ಲ ಬರುತ್ತೆ!”

“ಬರಲಿ. ಅವನು ಅಳ್ತಾನೋ ಇಲ್ವೋ, ಬದುಕಿರುವಾಗ್ಲೇ ನೋಡ್ಬೇಕು.”

ಹಾರಿಸಿದೆ. ಅಣ್ಣ ಕಣ್ಣುಮುಚ್ಚಿ ಮಲಗಿದ. ಊರವರ ಹಿಂದೆಯೇ ತಮ್ಮನೂ ಓಡಿಬಂದ. ಮಂಚದತ್ತ ನೋಡದೆ, ಗೋಡೆಗೊರಗಿಸಿದ್ದ ಕೋವಿ ಎತ್ತಿಕೊಂಡು ಹಿಡಿಯನ್ನು ಸವರಿದ.

“ಪಾಪ, ನಂಗೋಸ್ಕರ ಎಷ್ಟು ಚೆಂದ ಮಾಡಿಟ್ಟು ಹೋಗಿದಾನೆ!”

ಅಳಲು ಬಂದವರಿಗೂ ನಗು ತಡೆಯಲಾಗಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಹೆಣ.