ಲೈಬ್ರರಿ ಮೇಡಂ ಟೈಪ್ ಮಾಡಿದ ಪ್ರಶ್ನೆ

ದಾವಣಗೆರೆಯ ಒಂದು ಲೈಬ್ರರಿ. ಓದುಗರು ಕೇಳಿದ ಮಾಹಿತಿ ಹುಡುಕಿಕೊಡುವುದು ಸರ್ವಮಂಗಳಾ ಮೇಡಂ ಅವರ ಇಪ್ಪತ್ತೇಳು ವರ್ಷದ ಕೆಲಸ.

ಈಗ ಕೇಳುವವರೇ ಇಲ್ಲ... ಎಲ್ಲರ ಕೈಯಲ್ಲೂ ಫೋನ್!

ವಿಶ್ವಕೋಶಗಳಿದ್ದ ಬೀರು ಹೋಗಿ, ಆ ಜಾಗದಲ್ಲಿ ಕಂಪ್ಯೂಟರ್ ಬಂದು ಕೂತಿತ್ತು. ಮೇಡಂಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

"ನಾನಿನ್ನು ಯಾರಿಗೆ ಬೇಕು?" ಎಂದುಕೊಂಡು ಸ್ವಯಂ ನಿವೃತ್ತಿಯ ಅರ್ಜಿಯನ್ನೂ ಬರೆದು ಡ್ರಾಯರ್‌ನಲ್ಲಿ ಇಟ್ಟಿದ್ದರು.

ಅವತ್ತು ಮಧ್ಯಾಹ್ನ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಶಮೀಮ್ ಬಾನು ಓಡೋಡಿ ಬಂದಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು ರುಖಿಯಾ. ಕೈಯಲ್ಲೊಂದು ಎಣ್ಣೆ ಬಾಟಲಿ.

"ಮೇಡಂ, ಕಿವಿ ಕೇಳ್ಸೋ ಔಷಧದ ಪುಸ್ತಕ ಐತಾ? ಫೋನಲ್ಲಿ ಒಬ್ರು ಎಣ್ಣೆ ಬಿಸಿ ಮಾಡಿ ಹಾಕು ಅಂತಾರೆ, ಇನ್ನೊಬ್ರು ಹಾಕಲೇಬೇಡ ಅಂತಾರೆ... ಇವತ್ತು ಸಂಜೆ ಹಾಕ್ಲೋ ಬೇಡ್ವೋ?"

ಕೇಳಿದ ತಕ್ಷಣ ಪುಸ್ತಕ ತೆಗೆದುಕೊಡುವುದು ಮೇಡಂ ಜಾಯಮಾನದಲ್ಲೇ ಇಲ್ಲ. ಮೊದಲು ಎರಡು ಪ್ರಶ್ನೆ ಕೇಳಲೇಬೇಕು!

"ಡಾಕ್ಟರ್ ಏನಂದ್ರಮ್ಮ?"

"ಹುಟ್ಟಿನಿಂದ್ಲೇ ಕಿವಿ ನರ ಬೆಳೆದಿಲ್ಲ, ಮಶಿನ್ ಹಾಕಿದ್ರೂ ಕೇಳ್ಸಲ್ಲ ಅಂದ್ರು."

"ಹಂಗಾದ್ರೆ ಎಣ್ಣೆ ಮುಟ್ಟಬೇಡ. ಇವಳಿಗೆ ಕಿವಿ ಕೇಳ್ಸಿದ್ರೆ ಮೊದ್ಲು ಏನು ಮಾಡ್ತಿದ್ದೆ, ಹೇಳು?"

ಶಮೀಮ್ ಮಗಳನ್ನು ಎದೆಗೆ ಒತ್ತಿಕೊಂಡಳು.

"ಮಾತಾಡ್ತಿದ್ದೆ ಮೇಡಂ... ಹೊಟ್ಟೆ ಹಸಿದೈತೋ, ಎಲ್ಲಿ ನೋವೈತೋ, ಒಂದೂ ಗೊತ್ತಾಗಲ್ಲ. ಅವಳು ಅಳ್ತಾಳೆ... ನಾನೂ ಅಳ್ತೀನಿ."

ಮೂರು ತಿಂಗಳಿಂದ ತಾವು ಮುನಿಸಿಕೊಂಡು ಮುಟ್ಟದೇ ಇದ್ದ ಕಂಪ್ಯೂಟರ್ ಮುಂದೆ ಮೇಡಂ ಹೋಗಿ ಕೂತರು. ಒಂದೇ ಬೆರಳಲ್ಲಿ, ತಡವರಿಸುತ್ತಾ ಟೈಪ್ ಮಾಡಿದರು...

"ಕಿವಿ ಕೇಳದ ಮಗುವಿನ ಜೊತೆ ಮಾತಾಡುವುದು ಹೇಗೆ?"

ಸನ್ನೆ ಭಾಷೆ ಕಲಿಸುವ ವಿಡಿಯೋಗಳು ಸಾಲುಗಟ್ಟಿ ಬಂದವು. ಸಿಕ್ಕಿದ್ದನ್ನೆಲ್ಲ ನಂಬುವ ಹೆಂಗಸು ಅವರಲ್ಲ. ಕಿವಿ ಕೇಳದ ಮಕ್ಕಳ ಶಾಲೆಯ ನಂಬರ್ ಹುಡುಕಿ, ಫೋನ್ ಮಾಡಿ, ಅಲ್ಲಿನ ಟೀಚರ್ ಹೇಳಿದ ವಿಡಿಯೋವನ್ನೇ ಹಾಕಿದರು.

ದಿನಾ ಊಟದ ಬಿಡುವಿನಲ್ಲಿ ಶಮೀಮ್ ಬರತೊಡಗಿದಳು. ಅವಳು, ಮೇಡಂ ಇಬ್ಬರೂ ಕೈಸನ್ನೆ ಕಲಿತದ್ದೇ ಕಲಿತದ್ದು. ರುಖಿಯಾ ಮಾತ್ರ ಕ್ಯಾರೇ ಅನ್ನದೆ ಕಪಾಟುಗಳ ನಡುವೆ ಓಡುತ್ತಿದ್ದಳು.

ಹನ್ನೆರಡು ದಿನ ಕಳೆಯಿತು. "ಇದೂ ಆಗಲ್ವೇನೋ ಮೇಡಂ..." ಮೊದಲ ದಿನ ಮೇಜಿನ ಮೇಲೆ ಬಿಟ್ಟುಹೋಗಿದ್ದ ಆ ಎಣ್ಣೆ ಬಾಟಲಿಯ ಮೇಲೆ ಶಮೀಮ್ ಕಣ್ಣು ಮತ್ತೆ ಹೋಯಿತು. ಮೇಡಂ ಅದೇ ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದರು.

ಹದಿಮೂರನೇ ದಿನ ರುಖಿಯಾ ಓಡುತ್ತಾ ಎಡವಿ ಬಿದ್ದಳು. ಮೊಣಕಾಲು ತರಚಿ ಜೋರಾಗಿ ಅಳು. ಶಮೀಮ್ ಓಡಿ ಹೋದಳು.

ಮಗು ಅಳುತ್ತಲೇ ಮೊಣಕಾಲು ತೋರಿಸಿತು. ಆಮೇಲೆ ಆ ಪುಟ್ಟ ಕೈಗಳು ಎದ್ದು ಸನ್ನೆ ಮಾಡಿದವು... "ನೋವು." ಮತ್ತೆ... "ಅಮ್ಮಿ."

"ನೋವಂತೆ ಮೇಡಂ! ಅಮ್ಮೀ, ನೋವು ಅಂದ್ಲು ಮೇಡಂ!"

ಮಗಳ ನೋವು ಕೇಳಿ ತಾಯಿ ನಗುತ್ತಾ ಅಳುತ್ತಿದ್ದಳು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸಂಜೆ ಡ್ರಾಯರ್‌ನಿಂದ ಆ ಅರ್ಜಿ ತೆಗೆದರು. ಅದರ ಬೆನ್ನಿಗೆ ದೊಡ್ಡದಾಗಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿದರು...

"ಏನು ಹುಡುಕುತ್ತಿದ್ದೀರಿ? ಬನ್ನಿ, ಕೂತು ಮಾತಾಡೋಣ."

*

ಕೇಳಿದ್ದಕ್ಕೆ ಫೋನ್ ಉತ್ತರ ಕೊಡುತ್ತದೆ, ಏನು ಕೇಳಬೇಕೆಂದು ತಿಳಿಯಲು ಪಕ್ಕದಲ್ಲೊಬ್ಬ ಮನುಷ್ಯ ಬೇಕು.

ಇವತ್ತು ನೀವು ಅಷ್ಟು ಹೊತ್ತು ಫೋನಲ್ಲಿ ಹುಡುಕಿದಿರಲ್ಲ... ನಿಮಗೆ ನಿಜಕ್ಕೂ ಬೇಕಾಗಿದ್ದು ಅದೇನಾ?