ಸದ್ದು ಮಾಡದ ಮಷಿನ್

ಕಾರು ಅವಳದೇ. ಅವಳು ಮಗಳನ್ನು ಕರೆದುಕೊಂಡು ತವರಿಗೆ ಹೋಗಿಬಿಡುತ್ತಾಳೆಂದು ಗಂಡ ನಾಲ್ಕೂ ಟೈರಿನ ಗಾಳಿ ಬಿಟ್ಟು ತಿಂಗಳಾಗಿತ್ತು. ಬೀದಿ ತುದಿಯ ಆಟೋದವರೆಲ್ಲ ಅವನ ಸ್ನೇಹಿತರು. ತರಕಾರಿ ತರುವ ನೆಪದಲ್ಲಿ ಅವಳು ಕಾರು ಸಾಮಾನಿನ ಅಂಗಡಿಗೆ ಬಂದಳು.

"ಗಾಳಿ ತುಂಬೋ ಮಷಿನ್ ಬೇಕಿತ್ತು. ನಾಲ್ಕು ಟೈರಿಗೆ ಎಷ್ಟು ಹೊತ್ತು ಬೇಕು?"

"ನಾಲ್ಕೂ ಒಟ್ಟಿಗೆ ಹೋಯ್ತಾ ಅಕ್ಕಾ? ಯಾರ ಕಣ್ಣು ಬಿತ್ತೋ!" ಅಂಗಡಿಯವನು ನಕ್ಕು ಒಂದನ್ನು ತೆಗೆದಿಟ್ಟ. "ಇದು ಒಂದೊಂದಕ್ಕೆ ಹತ್ತು ನಿಮಿಷ."

"ನಂಗಿರೋದೇ ಅರ್ಧ ಗಂಟೆ." ಗಂಡ ಬೆಳಿಗ್ಗೆ ವಾಕಿಂಗ್ ಹೋಗುವುದು ಅಷ್ಟೇ ಹೊತ್ತು.

"ಹಂಗಾದ್ರೆ ಇದು. ಐದೇ ನಿಮಿಷ. ಆದ್ರೆ ಸದ್ದು ಬೀದಿಗೆಲ್ಲ ಕೇಳತ್ತೆ."

"ಸದ್ದು ಬೇಡ. ಮನೇಲಿ ಅತ್ತೆ ಮಲಗಿರ್ತಾರೆ."

"ಎಂಥ ಸೊಸೆ ನೀವು! ಇದು ತಗೊಳ್ಳಿ, ಬ್ಯಾಟರಿದು. ಆರು ನಿಮಿಷ, ಬಾಗಿಲು ಹಾಕಿದ್ರೆ ಒಳಗೆ ಕೇಳೋದೇ ಇಲ್ಲ."

ತಿಂಗಳಲ್ಲಿ ಮೊದಲ ಸಲ ಅವಳು ನಕ್ಕಳು. "ಇದನ್ನೇ ಕೊಡಿ."

"ಫೋನ್ ನಂಬರ್ ಹೇಳಿ, ವಾರಂಟಿಗೆ."

"ಅದೆಲ್ಲ ಬೇಡ."

"ಗಾಡಿ ನಂಬರಾದ್ರೂ ಹೇಳಿ ಅಕ್ಕಾ, ಬಿಲ್ ಹಾಕ್ಬೇಕಲ್ಲ."

ಅದನ್ನು ಹೇಳಿ, ಡಬ್ಬವನ್ನು ಚೀಲದ ತಳಕ್ಕಿಟ್ಟು ಮೇಲೆ ಮೆಂತ್ಯ ಸೊಪ್ಪು ಮುಚ್ಚಿದಳು.

"ಅಯ್ಯೋ, ನೀವು ನಮ್ಮ ಹಳೇ ಗಿರಾಕಿನೇ!" ಅಂಗಡಿಯವನು ಫೋನನ್ನು ಅವಳ ಕಡೆ ತಿರುಗಿಸಿದ. "ಸೀಟ್ ಕವರ್ ಹಾಕಿಸಿದಾಗ ನಿಮ್ಮೆಜಮಾನ್ರು ಕೊಟ್ಟಿದ್ದ ನಂಬರ್ ಇತ್ತು, ಬಿಲ್ ಅವ್ರಿಗೇ ವಾಟ್ಸಾಪ್ ಮಾಡ್ದೆ. ನೋಡಿ, ಆಗ್ಲೇ ನೀಲಿ ಟಿಕ್ ಬಂತು."